ಸೇಬಿನೊಳಗಿನ ಹುಳಿ

ಮಠಕ್ಕೆ ಬರುವ ಭಕ್ತರ ಕೈಯಲ್ಲಿ ಹಿಂದೆಲ್ಲ ಬಾಳೆಹಣ್ಣು, ತೆಂಗಿನಕಾಯಿ, ಹೆಚ್ಚೆಂದರೆ ತಮ್ಮ ಹೊಲದ ಬದುವಿನಲ್ಲಿ ಬೆಳೆದ ಪೇರಲ ಇರುತ್ತಿದ್ದವು. ಇಂದು ಫಲದ ತಟ್ಟೆಯಲ್ಲಿ ಸೇಬು ತಪ್ಪದೆ ಕಾಣಿಸುತ್ತದೆ. ಆಸ್ಪತ್ರೆಯಲ್ಲಿರುವ ಬಂಧುಗಳನ್ನು ನೋಡಲು ಹೊರಟವರ ಚೀಲದಲ್ಲಿಯೂ ಅದೇ. ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಹಿಮಾಲಯದ ತಪ್ಪಲಿನಿಂದ ಲಾರಿಯೇರಿ ಬರುವ ಈ ಹಣ್ಣು ನಮ್ಮ ಮನೆಯದೇ ಎಂಬಷ್ಟು ಬಳಕೆಯಾಗಿದೆ. ಆದರೆ ಅದರ ರುಚಿಯ ಬಗೆಗೆ ನಮಗಿರುವ ತಿಳಿವಳಿಕೆ ಒಂದೇ ಪದದಲ್ಲಿ ಮುಗಿದುಹೋಗುತ್ತದೆ: ಸಿಹಿ. ಸಿಹಿಯಾಗಿದ್ದರೆ ಒಳ್ಳೆಯ ಹಣ್ಣು, ಹುಳಿಯಾಗಿದ್ದರೆ ಕಾಯಿ, ಎರಡೂ ಅಲ್ಲದಿದ್ದರೆ ದುಡ್ಡು ದಂಡ.

ಕೆಲವು ತಿಂಗಳ ಹಿಂದೆ ಹತ್ತು ವರ್ಷಗಳಿಂದ ಮಧುಮೇಹವಿರುವ ಹಿರಿಯರೊಬ್ಬರು ನನ್ನ ಬಳಿಗೆ ಬಂದಿದ್ದರು. ಊಟದಲ್ಲಿ ಬಹಳ ಶಿಸ್ತಿನವರು. ಆದರೂ ರಕ್ತದ ಸಕ್ಕರೆ ಏರಿತ್ತು. ಕೇಳುತ್ತ ಹೋದಂತೆ ತಿಳಿದದ್ದು ಇಷ್ಟು: ಅವರು ಕೆಂಪು ಸೇಬನ್ನು ಬಿಟ್ಟು, ದಿನಕ್ಕೆ ಮೂರು ದೊಡ್ಡ ಹಸಿರು ಸೇಬುಗಳನ್ನು ತಿನ್ನುತ್ತಿದ್ದರು. “ಹುಳಿ ಇದೆಯಲ್ಲ, ಅದರಲ್ಲಿ ಸಕ್ಕರೆ ಎಲ್ಲಿಂದ ಬರಬೇಕು?” ಎಂಬುದು ಅವರ ಪ್ರಶ್ನೆ. ಇದರ ಜೊತೆಗೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ಸೇಬಿನ ವಿನೆಗರ್ ಕುಡಿದು, ಮಾತ್ರೆಯನ್ನು ಅರ್ಧಕ್ಕೆ ಇಳಿಸಿಕೊಂಡಿದ್ದರು. ಅವರ ತರ್ಕದಲ್ಲಿ ಅಪ್ರಾಮಾಣಿಕತೆ ಇರಲಿಲ್ಲ. ನಾಲಿಗೆ ಹೇಳಿದ್ದನ್ನು ಅವರು ನಂಬಿದ್ದರು. ನಾಲಿಗೆ ಎಲ್ಲಿ ನಿಜ ಹೇಳುತ್ತದೆ, ಎಲ್ಲಿ ಮೋಸ ಹೋಗುತ್ತದೆ ಎಂಬುದನ್ನು ತಿಳಿಯಲು ಸೇಬಿನ ಹುಳಿಯನ್ನೇ ಸ್ವಲ್ಪ ವಿವರವಾಗಿ ನೋಡಬೇಕು.

ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು ೮೫ ಭಾಗ ನೀರು. ಹತ್ತರಿಂದ ಹನ್ನೆರಡು ಭಾಗ ಸಕ್ಕರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಫ್ರಕ್ಟೋಸ್, ಉಳಿದದ್ದು ಗ್ಲೂಕೋಸ್ ಮತ್ತು ನಾವು ಅಡುಗೆಮನೆಯಲ್ಲಿ ಬಳಸುವ ಸುಕ್ರೋಸ್. ಇನ್ನು ಹುಳಿಯ ಪಾಲು ಎಷ್ಟು? ತಳಿಯನ್ನು ಅವಲಂಬಿಸಿ ನೂರಕ್ಕೆ ಕಾಲು ಭಾಗದಿಂದ ಒಂದು ಭಾಗದವರೆಗೆ, ಅಷ್ಟೇ. ಈ ಅಲ್ಪಾಂಶದಲ್ಲಿ ಬಹುಪಾಲು ಮ್ಯಾಲಿಕ್ ಆಮ್ಲವೆಂಬ ಒಂದೇ ವಸ್ತು. ಸಿಟ್ರಿಕ್, ಕ್ವಿನಿಕ್, ಸಕ್ಸಿನಿಕ್ ಮೊದಲಾದ ಆಮ್ಲಗಳು ಹೆಸರಿಗಷ್ಟೇ ಇರುತ್ತವೆ. ‘ಸಿ’ ಜೀವಸತ್ವವೆಂದು ನಾವು ಕರೆಯುವ ಆಸ್ಕಾರ್ಬಿಕ್ ಆಮ್ಲವಂತೂ ನೂರು ಗ್ರಾಂ ಸೇಬಿನಲ್ಲಿ ನಾಲ್ಕೈದು ಮಿಲಿಗ್ರಾಂ ಮಾತ್ರ. ಆ ದೃಷ್ಟಿಯಿಂದ ನಮ್ಮ ನೆಲ್ಲಿಕಾಯಿಯ ಮುಂದೆ, ಪೇರಲದ ಮುಂದೆ ಸೇಬು ತಲೆಯೆತ್ತುವಂತಿಲ್ಲ. ಜೀವಸತ್ವಕ್ಕಾಗಿ ದುಬಾರಿ ಸೇಬನ್ನು ಕೊಳ್ಳುವ ಬಡ ಕುಟುಂಬಗಳನ್ನು ಕಂಡಾಗ ಈ ಮಾತನ್ನು ಹೇಳಲೇಬೇಕೆನಿಸುತ್ತದೆ.

ಮ್ಯಾಲಿಕ್ ಆಮ್ಲವನ್ನು ಮೊದಲು ಬೇರ್ಪಡಿಸಿದವರು ಸ್ವೀಡನ್ ದೇಶದಲ್ಲಿ ನೆಲೆಸಿದ್ದ ಕಾರ್ಲ್ ವಿಲ್ಹೆಲ್ಮ್ ಶೀಲೆ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ, ಸಣ್ಣ ಪಟ್ಟಣವೊಂದರಲ್ಲಿ ಔಷಧದ ಅಂಗಡಿ ನಡೆಸುತ್ತಿದ್ದವರು. ದ್ರಾಕ್ಷಾರಸದ ಪೀಪಾಯಿಗಳಲ್ಲಿ ಗಟ್ಟಿಯಾಗಿ ಕೂರುವ ಉಪ್ಪಿನಿಂದ ಟಾರ್ಟಾರಿಕ್ ಆಮ್ಲ, ೧೭೮೦ರಲ್ಲಿ ಹುಳಿತ ಹಾಲಿನಿಂದ ಲ್ಯಾಕ್ಟಿಕ್ ಆಮ್ಲ, ೧೭೮೪ರಲ್ಲಿ ನಿಂಬೆಯಿಂದ ಸಿಟ್ರಿಕ್ ಆಮ್ಲ, ಮರುವರ್ಷ ೧೭೮೫ರಲ್ಲಿ ಸೇಬಿನ ರಸದಿಂದ ಮ್ಯಾಲಿಕ್ ಆಮ್ಲ: ಅಡುಗೆಮನೆಯ ಹುಳಿಗಳೆಲ್ಲ ಒಬ್ಬರೇ ವ್ಯಕ್ತಿಯ ಕೈಯಲ್ಲಿ ಒಂದೊಂದಾಗಿ ಬೇರೆಯಾದವು. ನಿಂಬೆಯ ಆಮ್ಲ ಸುಣ್ಣದೊಡನೆ ಸೇರಿ ತಳಕ್ಕೆ ಇಳಿಯುತ್ತಿತ್ತು, ಸೇಬಿನ ಆಮ್ಲ ಇಳಿಯಲಿಲ್ಲ. ಈ ಹುಳಿ ಬೇರೆಯದೇ ಎಂಬುದಕ್ಕೆ ಅದೇ ಸುಳಿವಾಯಿತು. ಎರಡು ವರ್ಷಗಳ ತರುವಾಯ ಫ್ರಾನ್ಸಿನ ರಸಾಯನವಿಜ್ಞಾನಿಗಳು ವಸ್ತುಗಳಿಗೆಲ್ಲ ಕ್ರಮಬದ್ಧವಾದ ಹೆಸರುಗಳನ್ನು ಇಡುವಾಗ, ಸೇಬಿಗೆ ಲ್ಯಾಟಿನ್ ಭಾಷೆಯಲ್ಲಿರುವ ‘ಮಾಲುಮ್’ ಎಂಬ ಪದದಿಂದ ಈ ಆಮ್ಲಕ್ಕೆ ಹೆಸರು ಕೊಟ್ಟರು. ತಾವು ಬೇರ್ಪಡಿಸಿದ ವಸ್ತುಗಳನ್ನು ನಾಲಿಗೆಗಿಟ್ಟು ನೋಡುವ ಅಭ್ಯಾಸ ಶೀಲೆಯವರಿಗಿತ್ತು ಎನ್ನುತ್ತಾರೆ. ಅವರು ಕೆಲಸ ಮಾಡುತ್ತಿದ್ದ ವಸ್ತುಗಳಲ್ಲಿ ಪಾದರಸ, ಪಾಷಾಣಗಳೂ ಇದ್ದವು. ೧೭೮೬ರಲ್ಲಿ, ಕೇವಲ ೪೩ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹುಳಿಗಳಲ್ಲಿಯೂ ಸ್ವಭಾವಭೇದವಿದೆ. ನಿಂಬೆಯ ಸಿಟ್ರಿಕ್ ಆಮ್ಲ ನಾಲಿಗೆಗೆ ತಾಗಿದೊಡನೆ ಚುರುಕ್ಕೆನ್ನಿಸಿ ಬೇಗ ಹಿಂದೆಗೆಯುತ್ತದೆ. ಸೇಬಿನ ಮ್ಯಾಲಿಕ್ ಆಮ್ಲ ನಿಧಾನವಾಗಿ ಏರಿ, ಹೆಚ್ಚು ಹೊತ್ತು ನಿಲ್ಲುತ್ತದೆ. ಒಳ್ಳೆಯ ಸೇಬನ್ನು ನುಂಗಿದ ಮೇಲೆಯೂ ಬಾಯಲ್ಲಿ ಉಳಿಯುವ ತಂಪಾದ ನೀರೂರಿಕೆ ಈ ಆಮ್ಲದ ಕೊಡುಗೆ. ಆಯುರ್ವೇದದ ಷಡ್ರಸಗಳಲ್ಲಿ ಆಮ್ಲವೂ ಒಂದು. ಬಾಯಲ್ಲಿ ನೀರೂರಿಸುವುದು ಅದರ ಮೊದಲ ಲಕ್ಷಣವೆಂದು ನಮ್ಮ ಹಿರಿಯರು ಗುರುತಿಸಿದ್ದರು. ಆಮ್ಲಗಳು ನೀರಿನಲ್ಲಿ ಬಿಡುವ ಜಲಜನಕದ ಅಯಾನುಗಳು ನಾಲಿಗೆಯ ರುಚಿಕೋಶಗಳೊಳಗೆ ನುಸುಳಲು ಸೂಕ್ಷ್ಮವಾದ ಪ್ರತ್ಯೇಕ ದ್ವಾರಗಳೇ ಇವೆಯೆಂಬುದು ಇಲಿಗಳ ಮೇಲಿನ ಪ್ರಯೋಗಗಳಿಂದ ೨೦೧೯ರಲ್ಲಿ ಖಚಿತವಾಯಿತು. ಉಪ್ಪು, ಹುಳಿ, ಖಾರಗಳನ್ನು ಸಾವಿರಾರು ವರ್ಷಗಳಿಂದ ಉಣ್ಣುತ್ತ ಬಂದ ಮನುಷ್ಯನಿಗೆ ಹುಳಿಯ ಬಾಗಿಲು ಎಲ್ಲಿದೆಯೆಂದು ಗೊತ್ತಾದದ್ದು ಇತ್ತೀಚೆಗೆ!

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ನಾಲಿಗೆ ಸಿಹಿಯನ್ನೂ ಹುಳಿಯನ್ನೂ ಬೇರೆ ಬೇರೆಯಾಗಿ ಅಳೆದು ಲೆಕ್ಕ ಬರೆಯುವ ಗುಮಾಸ್ತನಲ್ಲ. ಎರಡೂ ಒಟ್ಟಿಗೆ ಬಂದಾಗ ಒಂದು ಇನ್ನೊಂದನ್ನು ಮಸುಕಾಗಿಸುತ್ತದೆ. ನಿಂಬೆಯ ಪಾನಕದಲ್ಲಿ ಎಷ್ಟು ಬೆಲ್ಲ ಕರಗಿದೆಯೆಂಬುದು ಕುಡಿಯುವವರಿಗೆ ತಿಳಿಯದಿರುವುದು ಇದೇ ಕಾರಣಕ್ಕೆ. ಆದುದರಿಂದ ಸೇಬಿನ ರುಚಿ ನಿಂತಿರುವುದು ಸಕ್ಕರೆಯ ಮೊತ್ತದ ಮೇಲಲ್ಲ, ಸಕ್ಕರೆಗೂ ಆಮ್ಲಕ್ಕೂ ಇರುವ ಪ್ರಮಾಣದ ಮೇಲೆ. ನೂರಕ್ಕೆ ೧೨ ಭಾಗ ಸಕ್ಕರೆಯಿರುವ ಎರಡು ಹಣ್ಣುಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಆಮ್ಲ ೦.೩ ಭಾಗ, ಇನ್ನೊಂದರಲ್ಲಿ ೦.೮ ಭಾಗ. ಮೊದಲನೆಯದರಲ್ಲಿ ಸಕ್ಕರೆ ಆಮ್ಲಕ್ಕಿಂತ ನಲವತ್ತು ಪಟ್ಟು, ಎರಡನೆಯದರಲ್ಲಿ ಹದಿನೈದು ಪಟ್ಟು. ಒಂದನ್ನು ‘ಜೇನಿನಂತೆ’ ಎನ್ನುತ್ತೇವೆ, ಇನ್ನೊಂದಕ್ಕೆ ಕಣ್ಣು ಕಿರಿದಾಗಿಸುತ್ತೇವೆ. ರಕ್ತಕ್ಕೆ ಸೇರುವ ಸಕ್ಕರೆ ಮಾತ್ರ ಎರಡರಲ್ಲಿಯೂ ಒಂದೇ.

ನಮ್ಮ ಪೇಟೆಯಲ್ಲಿ ಸಿಗುವ ತಳಿಗಳ ಲೆಕ್ಕವೂ ಇದಕ್ಕೆ ಹತ್ತಿರವೇ. ಕೆಂಪು ‘ರೆಡ್ ಡೆಲಿಷಿಯಸ್’ ಸೇಬಿನ ನೂರು ಗ್ರಾಮಿನಲ್ಲಿ ಸುಮಾರು ಹತ್ತೂವರೆ ಗ್ರಾಂ ಸಕ್ಕರೆ; ಹಸಿರು ‘ಗ್ರ್ಯಾನಿ ಸ್ಮಿತ್’ ಸೇಬಿನಲ್ಲಿ ಒಂಬತ್ತೂವರೆಯಿಂದ ಹತ್ತು. ವ್ಯತ್ಯಾಸ ಹೆಚ್ಚೆಂದರೆ ಒಂದು ಗ್ರಾಂ. ಆದರೆ ಹಸಿರು ಸೇಬಿನ ಆಮ್ಲ ಕೆಂಪಿನ ಆಮ್ಲಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ನಾಲಿಗೆ ಈ ಎರಡನೆಯ ವ್ಯತ್ಯಾಸವನ್ನು ಗುರುತಿಸಿ ಮೊದಲನೆಯದರ ಬಗೆಗೆ ತೀರ್ಪು ಕೊಡುತ್ತದೆ. ೧೮೦ ಗ್ರಾಂ ತೂಗುವ ಒಂದು ಸೇಬಿನಲ್ಲಿ, ಬಣ್ಣ ಯಾವುದಾದರೂ ಇರಲಿ, ಹೆಚ್ಚುಕಡಿಮೆ ನಾಲ್ಕೂವರೆ ಚಹಾ ಚಮಚದಷ್ಟು ಸಕ್ಕರೆಯಿದೆ. ಆ ಹಿರಿಯರು ದಿನವೂ ಮೂರು ತಿನ್ನುತ್ತಿದ್ದರು. ಹಾಗೆಂದು ಮಧುಮೇಹಿಗಳು ಸೇಬನ್ನು ಕಂಡು ಹೆದರಬೇಕಾಗಿಲ್ಲ. ಅದರ ನಾರಿನ ಅಂಶದಿಂದಾಗಿ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಸಿಪ್ಪೆಸಹಿತ ಒಂದು ಸಣ್ಣ ಹಣ್ಣನ್ನು, ಅಥವಾ ದೊಡ್ಡದರಲ್ಲಿ ಅರ್ಧವನ್ನು, ಊಟದ ಲೆಕ್ಕದೊಳಗೇ ಸೇರಿಸಿಕೊಂಡು ತಿನ್ನಬಹುದು. ರಸ ಹಿಂಡಿ ಕುಡಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ.

ಒಂದು ತಳಿ ಹುಳಿಯಾಗಿ ಇನ್ನೊಂದು ಸಿಹಿಯಾಗಿರುವುದೇಕೆ? ಸೇಬು ತನ್ನ ಆಮ್ಲವನ್ನು ಪ್ರತಿ ಜೀವಕೋಶದೊಳಗಿನ ರಸದಾನಿಯೆಂಬ ಪುಟ್ಟ ಚೀಲದಲ್ಲಿ ಕೂಡಿಡುತ್ತದೆ. ಆ ಚೀಲದೊಳಕ್ಕೆ ಆಮ್ಲವನ್ನು ಸಾಗಿಸುವ ಕೆಲಸವನ್ನು ಬಹುಮಟ್ಟಿಗೆ ನಿರ್ಧರಿಸುವ ಗುಣಾಣು ಸೇಬಿನ ೧೬ನೆಯ ವರ್ಣತಂತುವಿನಲ್ಲಿದೆ. ಅದರ ಒಂದು ರೂಪದಲ್ಲಿ ಸಾಗಣೆ ಕುಂಠಿತವಾಗಿದೆ. ತಂದೆತಾಯಿಗಳಿಬ್ಬರಿಂದಲೂ ಈ ಕುಂಠಿತ ರೂಪವನ್ನೇ ಪಡೆದ ಸಸಿಯ ಹಣ್ಣಿನಲ್ಲಿ ಹುಳಿ ಕಡಿಮೆ. ಅಂದರೆ ನಾವು ‘ಸಿಹಿ ಸೇಬು’ ಎನ್ನುವುದು ಎಷ್ಟೋ ವೇಳೆ ಹೆಚ್ಚು ಸಕ್ಕರೆಯ ಸೇಬಲ್ಲ, ಹುಳಿಯನ್ನು ಕೂಡಿಡಲಾರದ ಸೇಬು.

ಭಾರತದ ಸೇಬಿನ ಇತಿಹಾಸವನ್ನೇ ಈ ಹುಳಿ ತಿರುಗಿಸಿತು ಎಂದರೆ ತಪ್ಪಾಗಲಾರದು. ೧೮೭೦ರಲ್ಲಿ ಕ್ಯಾಪ್ಟನ್ ಲೀ ಎಂಬ ಆಂಗ್ಲ ಅಧಿಕಾರಿ ಕುಲ್ಲು ಕಣಿವೆಯ ಬಂಡ್ರೋಲಿನಲ್ಲಿ ತನ್ನ ದೇಶದ ಸೇಬಿನ ತೋಟ ಹಾಕಿದ್ದ. ಇಂಗ್ಲೆಂಡಿನವರಿಗೆ ಹುಳಿ ಮಿಶ್ರಿತ ಸೇಬೆಂದರೆ ಪ್ರೀತಿ. ಕಡುಬಿನಂತಹ ತಿನಿಸುಗಳಿಗೆ ಅಲ್ಲಿ ಅದೇ ಬೇಕು. ಇಲ್ಲಿನ ಜನರಿಗೆ ಅದು ಹಿಡಿಸಲಿಲ್ಲ. ೧೯೦೪ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಅಮೆರಿಕದಿಂದ ಬಂದ ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್ ಎಂಬ ಯುವಕ ಶಿಮ್ಲಾದಾಚೆಯ ಕೋಟ್‌ಗಢದಲ್ಲಿ ನೆಲೆಸಿ, ಅಲ್ಲಿನ ಹೆಣ್ಣುಮಗಳನ್ನು ಮದುವೆಯಾಗಿ, ೧೯೧೬ರ ಸುಮಾರಿಗೆ ತನ್ನ ದೇಶದಿಂದ ‘ಡೆಲಿಷಿಯಸ್’ ತಳಿಯ ಸಸಿಗಳನ್ನು ತರಿಸಿ ನೆಟ್ಟರು. ಇದು ಹುಳಿ ಕಡಿಮೆಯಿರುವ ಸೇಬು. ನಮ್ಮ ನಾಲಿಗೆ ಅದನ್ನು ಒಪ್ಪಿಕೊಂಡಿತು. ಅಕ್ಕಪಕ್ಕದ ರೈತರಿಗೂ ಅವರು ಸಸಿ ಹಂಚಿದರು. ಬಡ ಗುಡ್ಡಗಾಡಿಗೆ ಒಂದು ಜೀವನೋಪಾಯವೇ ದೊರೆಯಿತು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡು, ೧೯೩೨ರಲ್ಲಿ ಸತ್ಯಾನಂದರೆಂಬ ಹೆಸರು ತಳೆದ ಈ ವ್ಯಕ್ತಿಯ ಬಗೆಗೆ ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ. ಹಸಿರು ಸೇಬಿನ ಮೂಲವಂತೂ ಇನ್ನೂ ಸರಳ: ೧೮೬೮ರ ಸುಮಾರಿಗೆ ಆಸ್ಟ್ರೇಲಿಯದ ಸಿಡ್ನಿಯ ಬಳಿ ಮರಿಯಾ ಆನ್ ಸ್ಮಿತ್ ಎಂಬ ವೃದ್ಧೆಯ ಜಮೀನಿನಲ್ಲಿ ತಾನಾಗಿ ಹುಟ್ಟಿದ ಗಿಡವದು. ‘ಗ್ರ್ಯಾನಿ’ ಎಂದರೆ ಅಜ್ಜಿ.

ತಳಿ ಒಂದೇ ಆಗಿದ್ದರೂ ಅಕ್ಟೋಬರಿನಲ್ಲಿ ತಿಂದ ಸೇಬಿಗೂ ಮೇ ತಿಂಗಳಿನಲ್ಲಿ ತಿಂದ ಸೇಬಿಗೂ ಅಜಗಜಾಂತರವಿರುತ್ತದೆ. ಇದನ್ನು ವ್ಯಾಪಾರಿಯ ಮೋಸವೆಂದು ಬಗೆಯುವವರಿದ್ದಾರೆ. ನಡೆಯುವುದೇನೆಂದರೆ, ಮರದಿಂದ ಬಿಡಿಸಿದ ಹಣ್ಣು ಸತ್ತ ವಸ್ತುವಲ್ಲ. ಅದು ಉಸಿರಾಡುತ್ತಲೇ ಇರುತ್ತದೆ. ಎಳೆಗಾಯಿಯಲ್ಲಿ ಆಮ್ಲವೂ ಪಿಷ್ಟವೂ ತುಂಬಿರುತ್ತವೆ. ಬಲಿಯುತ್ತ ಬಂದಂತೆ ಪಿಷ್ಟವು ಸಕ್ಕರೆಯಾಗುತ್ತದೆ, ಮ್ಯಾಲಿಕ್ ಆಮ್ಲವನ್ನು ಹಣ್ಣು ತನ್ನ ಉಸಿರಾಟಕ್ಕೆ ಇಂಧನವಾಗಿ ಸುಡುತ್ತದೆ. ತೋಟಗಾರರು ಕೊಯ್ಲಿನ ಹದವನ್ನು ಅರಿಯಲು ಸೇಬನ್ನು ಅಡ್ಡಲಾಗಿ ಕತ್ತರಿಸಿ ಅಯೋಡಿನ್ ದ್ರಾವಣ ಹಚ್ಚುತ್ತಾರೆ. ಪಿಷ್ಟ ಉಳಿದ ಭಾಗವಷ್ಟೇ ನೀಲಿಗಪ್ಪಾಗುತ್ತದೆ. ಕೊಯ್ದ ಮೇಲೆಯೂ ಆಮ್ಲ ಉರಿಯುತ್ತಲೇ ಇರುತ್ತದೆ, ಅದೂ ಸಕ್ಕರೆಗಿಂತ ಬೇಗ. ಬಿಸಿಲು ಹೆಚ್ಚಿದಷ್ಟೂ ಈ ಉರಿ ಹೆಚ್ಚು. ತಂಪು ರಾತ್ರಿಗಳ ಎತ್ತರದ ತೋಟಗಳ ಸೇಬಿಗೆ ಲವಲವಿಕೆಯ ಹುಳಿ ಇರುವುದು, ನಮ್ಮ ಬೇಸಿಗೆಯ ತಳ್ಳುಗಾಡಿಯಲ್ಲಿ ನಾಲ್ಕು ದಿನ ಕುಳಿತ ಸೇಬು ಸಪ್ಪೆಯಾಗುವುದು, ಎರಡಕ್ಕೂ ಕಾರಣ ಒಂದೇ.

ಹಿಮಾಚಲ, ಕಾಶ್ಮೀರಗಳ ಕೊಯ್ಲು ಮುಖ್ಯವಾಗಿ ಜುಲೈಯಿಂದ ಅಕ್ಟೋಬರಿನವರೆಗೆ. ಆ ಬಳಿಕ ತಿಂಗಳುಗಟ್ಟಲೆ ನಾವು ತಿನ್ನುವ ದೇಶೀಯ ಸೇಬು ಬರುವುದು ಶೀತಾಗಾರಗಳಿಂದ. ಉತ್ತಮ ಶೀತಾಗಾರಗಳಲ್ಲಿ ತಾಪವನ್ನು ಸೊನ್ನೆಯ ಸಮೀಪಕ್ಕೆ ಇಳಿಸುವುದಷ್ಟೇ ಅಲ್ಲದೆ, ಗಾಳಿಯಲ್ಲಿ ನೂರಕ್ಕೆ ೨೧ ಭಾಗವಿರುವ ಆಮ್ಲಜನಕವನ್ನು ಎರಡು ಮೂರು ಭಾಗಕ್ಕೆ ತಗ್ಗಿಸುತ್ತಾರೆ. ಹಣ್ಣು ಆಗ ಹೆಚ್ಚು ಉಸಿರಾಡಲಾರದೆ, ತನ್ನ ಹುಳಿಯನ್ನು ನಿಧಾನವಾಗಿ ಖರ್ಚು ಮಾಡುತ್ತದೆ. ಇದರಲ್ಲಿ ಆರೋಗ್ಯಕ್ಕೆ ಕೆಡುಕಿನದೇನೂ ಇಲ್ಲ. ಆದರೆ ಖರ್ಚು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಹಳೆಯ ಸೇಬು ಹಿಟ್ಟುಹಿಟ್ಟಾಗುವುದಕ್ಕೂ ರುಚಿಗೂ ಮತ್ತೊಂದು ನಂಟಿದೆ. ಗರಿಗರಿಯಾದ ಸೇಬನ್ನು ಕಚ್ಚಿದಾಗ ಜೀವಕೋಶಗಳು ಒಡೆದು, ರಸದಾನಿಯ ಹುಳಿಸಿಹಿ ನಾಲಿಗೆಗೆ ಚಿಮ್ಮುತ್ತದೆ. ಹಿಟ್ಟಾದ ಸೇಬಿನಲ್ಲಿ ಕೋಶಗಳು ಒಡೆಯದೆ ಒಂದರಿಂದೊಂದು ಬಿಡಿಸಿಕೊಂಡು ಜಾರುತ್ತವೆ. ಒಳಗೆ ಅಳಿದುಳಿದ ರಸವೂ ನಾಲಿಗೆಯನ್ನು ತಲುಪುವುದಿಲ್ಲ. ಆದುದರಿಂದ ಕೊಳ್ಳುವಾಗ ಹೊಳಪಿಗೆ, ಬಣ್ಣಕ್ಕೆ ಮಾರುಹೋಗದೆ, ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ತೂಕವೂ ಗಟ್ಟಿತನವೂ ಇದೆಯೇ ನೋಡಬೇಕು. ಮನೆಗೆ ತಂದಮೇಲೆ ಹೊರಗಿನ ಬುಟ್ಟಿಯಲ್ಲಿ ಅಲಂಕಾರಕ್ಕೆ ಇಡುವುದಕ್ಕಿಂತ ಫ್ರಿಜ್ಜಿನಲ್ಲಿಡುವುದು ಲೇಸು. ಬಾಳೆಹಣ್ಣಿನ ಜೊತೆಗಂತೂ ಇಡಬಾರದು. ಸೇಬು ಸೂಸುವ ಎಥಿಲೀನ್ ಅನಿಲದಿಂದ ಬಾಳೆಹಣ್ಣು ಎರಡೇ ದಿನದಲ್ಲಿ ಕಪ್ಪಾದೀತು.

ನಮ್ಮ ಹುಣಸೆಯನ್ನು ಇಲ್ಲಿ ನೆನೆಯದಿರಲಾಗದು. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು. ಹಣ್ಣಾಗುತ್ತ ಸಕ್ಕರೆ ಏರುತ್ತದೆ, ಆಮ್ಲ ಮಾತ್ರ ಕರಗುವುದಿಲ್ಲ. ವರ್ಷದ ಹುಣಸೆಯನ್ನು ಮಡಕೆಯಲ್ಲಿ ಉಪ್ಪು ಹಾಕಿ ಇಟ್ಟರೂ ಸಾರಿಗೆ ಹುಳಿ ತಪ್ಪದಿರುವುದು ಇದರಿಂದಲೇ. ಆ ಭಾಗ್ಯ ಸೇಬಿಗಿಲ್ಲ.

“ನನಗೆ ಆಸಿಡಿಟಿ, ಹುಳಿ ಹಣ್ಣು ಕೂಡದು” ಎನ್ನುವವರು ಬಹಳ. ಜಠರದಲ್ಲಿ ಸಹಜವಾಗಿಯೇ ಇರುವ ಹೈಡ್ರೋಕ್ಲೋರಿಕ್ ಆಮ್ಲ ಸೇಬಿನ ಆಮ್ಲಕ್ಕಿಂತ ಹಲವು ಪಟ್ಟು ತೀಕ್ಷ್ಣ. ಸೇಬಿನ ಹುಳಿಯಿಂದ ಅದು ಇನ್ನಷ್ಟು ತೀಕ್ಷ್ಣವಾಗುವುದಿಲ್ಲ. ಅನ್ನನಾಳದಲ್ಲಿ ಈಗಾಗಲೇ ಉರಿ, ಹುಣ್ಣು ಇರುವವರಿಗೆ ಹುಳಿ ತಾಗಿದರೆ ಉರಿಯಬಹುದು; ಅಂಥವರು ಹುಳಿ ಕಡಿಮೆಯಿರುವ ಮಾಗಿದ ಸೇಬನ್ನೋ ಬೇಯಿಸಿದ್ದನ್ನೋ ತಿಂದು ನೋಡಬಹುದು. ಸೇಬು ತಿಂದೊಡನೆ ಹೊಟ್ಟೆ ಉಬ್ಬುವವರು ದೂರಬೇಕಾದದ್ದು ಅದರ ಆಮ್ಲವನ್ನಲ್ಲ, ಫ್ರಕ್ಟೋಸ್ ಮತ್ತು ಸಾರ್ಬಿಟಾಲ್‌ಗಳನ್ನು. ಕರುಳಿನೊಳಗೆ ಹೋದ ಮ್ಯಾಲಿಕ್ ಆಮ್ಲ ದೇಹಕ್ಕೆ ಅಪರಿಚಿತವೂ ಅಲ್ಲ. ಆಹಾರದಿಂದ ಶಕ್ತಿ ಪಡೆಯುವ ಚಕ್ರವೊಂದು ನಮ್ಮ ಬಹುತೇಕ ಬಗೆಯ ಜೀವಕೋಶಗಳಲ್ಲಿ ಸುತ್ತುತ್ತಿರುತ್ತದೆ. ಹ್ಯಾನ್ಸ್ ಕ್ರೆಬ್ಸ್ ೧೯೩೭ರಲ್ಲಿ ವಿವರಿಸಿದ ಆ ಚಕ್ರದ ಒಂದು ಮೆಟ್ಟಿಲೇ ಮ್ಯಾಲಿಕ್ ಆಮ್ಲ. ಶೀತಾಗಾರದ ಸೇಬು ತನ್ನ ಹುಳಿಯನ್ನು ಸುಡುವ ದಾರಿಯೂ ಇದೇ.

ಹಲ್ಲುಗಳ ವಿಷಯದಲ್ಲಿ ಎಚ್ಚರ ಬೇಕು. ಬಾಯಿಯ ಪಿಎಚ್ ಮಟ್ಟ ಸುಮಾರು ೫.೫ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮೆಲ್ ಕವಚ ಮೆದುವಾಗತೊಡಗುತ್ತದೆ. ಸೇಬಿನ ರಸದ ಪಿಎಚ್ ೩.೩ರಿಂದ ೪ರ ಆಸುಪಾಸು. ಜೊಲ್ಲು ಈ ಹುಳಿಯನ್ನು ಬೇಗನೆ ಶಮನಗೊಳಿಸುವುದರಿಂದ ದಿನಕ್ಕೊಂದು ಹಣ್ಣಿನಿಂದ ಅಪಾಯವಿಲ್ಲ. ಆದರೆ ಸೇಬು ತಿಂದ ಕೂಡಲೇ ಹಲ್ಲುಜ್ಜಿದರೆ ಮೆದುವಾದ ಕವಚವನ್ನು ನಾವೇ ಉಜ್ಜಿ ತೆಗೆದಂತಾಗುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜುವುದು ಒಳ್ಳೆಯದು. ಮಕ್ಕಳು ಗುಟುಕು ಗುಟುಕಾಗಿ ಗಂಟೆಗಟ್ಟಲೆ ಹೀರುವ ಪೊಟ್ಟಣದ ಪಾನೀಯಗಳು ಇದಕ್ಕಿಂತ ಕೆಟ್ಟವು. ಆ ಪೊಟ್ಟಣಗಳ ಹಿಂಬದಿಯಲ್ಲಿ ‘ಆಮ್ಲೀಯತೆ ನಿಯಂತ್ರಕ ೨೯೬’ ಎಂಬರ್ಥದ ಸಾಲು ಕಂಡರೆ, ಅದು ಹೊರಗಿನಿಂದ ಸೇರಿಸಿದ ಮ್ಯಾಲಿಕ್ ಆಮ್ಲ. ೩೩೦ ಎಂದಿದ್ದರೆ ಸಿಟ್ರಿಕ್. ಹುಳಿ ಕೃತಕವಾಗಿ ಸೇರಿದಾಗ ಅದನ್ನು ಮರೆಸಲು ಸಕ್ಕರೆಯೂ ಸೇರಿರುತ್ತದೆಯೇ ಎಂದು ನೋಡಿಕೊಳ್ಳಿ.

ಸೇಬಿನ ವಿನೆಗರಿಗೂ ಸೇಬಿನ ಹುಳಿಗೂ ಸಂಬಂಧ ಹೆಸರಿನಲ್ಲಿ ಮಾತ್ರ. ಸೇಬಿನ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿಸುತ್ತದೆ, ಅದನ್ನು ಬ್ಯಾಕ್ಟೀರಿಯಗಳು ಅಸಿಟಿಕ್ ಆಮ್ಲವಾಗಿಸುತ್ತವೆ. ಬಾಟಲಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದು ಭಾಗದಷ್ಟಿರುವುದು ಈ ಅಸಿಟಿಕ್ ಆಮ್ಲ. ಊಟದ ನಂತರದ ಸಕ್ಕರೆಯ ಏರಿಕೆಯನ್ನು ವಿನೆಗರ್ ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆಂದು ಕೆಲವು ಸಣ್ಣ ಅಧ್ಯಯನಗಳು ತೋರಿಸಿರುವುದು ನಿಜ. ಅದು ಮಾತ್ರೆಯ ಬದಲಿಗೆ ನಿಲ್ಲುವಷ್ಟು ದೊಡ್ಡ ಪರಿಣಾಮವಲ್ಲ. ನೀರು ಬೆರೆಸದೆ ಕುಡಿದರೆ ಹಲ್ಲು, ಗಂಟಲುಗಳಿಗೆ ಹಾನಿ. ದೀರ್ಘಕಾಲದ ಮಧುಮೇಹದಿಂದ ಜಠರದ ಚಲನೆ ನಿಧಾನವಾಗಿರುವವರಲ್ಲಿ ವಿನೆಗರ್ ಅದನ್ನು ಮತ್ತಷ್ಟು ನಿಧಾನಗೊಳಿಸಬಲ್ಲುದು. ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಆರಂಭಿಸಲೇಬಾರದು.

ಆ ಹಿರಿಯರು ವಿನೆಗರ್ ಬಿಟ್ಟು, ಮಾತ್ರೆಯನ್ನು ಮೊದಲಿನ ಪ್ರಮಾಣಕ್ಕೆ ತಂದುಕೊಂಡರು. ಸೇಬನ್ನು ದಿನಕ್ಕೆ ಅರ್ಧಕ್ಕೆ ಇಳಿಸಿಕೊಂಡಿದ್ದಾರೆ. ಉಳಿದರ್ಧವನ್ನು ಮೊಮ್ಮಗಳಿಗೆಂದು ಇಡುವಾಗ ಕತ್ತರಿಸಿದ ಭಾಗ ಕಂದಾಗುತ್ತದಲ್ಲ, ಅದು ಕೆಟ್ಟಿತೆಂದು ಅರ್ಥವೇ ಎಂದು ಮೊನ್ನೆ ಕೇಳಿದರು. ಕೆಟ್ಟದ್ದಲ್ಲ, ಸೇಬಿನಲ್ಲಿರುವ ಕ್ಲೋರೋಜೆನಿಕ್ ಆಮ್ಲವೇ ಮೊದಲಾದವು ಗಾಳಿ ಸೋಕಿದಾಗ ಕಿಣ್ವವೊಂದರ ಪ್ರಭಾವದಿಂದ ಕಂದುಗಟ್ಟುತ್ತವೆ. ಹೆಚ್ಚಿನ ಹುಳಿಯಲ್ಲಿ ಆ ಕಿಣ್ವ ಕೆಲಸ ಮಾಡಲಾರದು. ಕತ್ತರಿಸಿದ ಮುಖಕ್ಕೆ ನಾಲ್ಕು ಹನಿ ನಿಂಬೆರಸ ಸವರಿಡಿ ಎಂದೆ. ಬೇಸಿಗೆಯ ಸಪ್ಪೆ ಸೇಬಿಗೂ ಈ ನಾಲ್ಕು ಹನಿ ನಿಂಬೆ, ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿದರೆ ಕಳೆದುಹೋದ ರುಚಿ ಬಹುಪಾಲು ಮರಳುತ್ತದೆ.